ಯಾರೂ ಔಟಾಗದ ಆಟ

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಆಗ ನಾನು ಜಿಲ್ಲೆಯೊಂದರಲ್ಲಿ ಉಪವಿಭಾಗಾಧಿಕಾರಿಯಾಗಿದ್ದೆ. ತಾಲ್ಲೂಕು ಕೇಂದ್ರದಲ್ಲಿ ನಡೆದ ಜನಸಂಪರ್ಕ ಸಭೆಗೆ ತಾಯಿಯೊಬ್ಬರು ಏಳೆಂಟು ವರ್ಷದ ಮಗನನ್ನು ಕರೆದುಕೊಂಡು ಬಂದಿದ್ದರು. ವೈದ್ಯರ ಚೀಟಿಯಲ್ಲಿ ‘ಆಟಿಸಂ’ ಎಂದು ಬರೆದಿತ್ತು. ಆಕೆ ಕೇಳಿದ್ದು ಅಂಗವಿಕಲತೆಯ ಪ್ರಮಾಣಪತ್ರ. ನಾವು ಮಾತನಾಡುತ್ತಿದ್ದಷ್ಟು ಹೊತ್ತೂ ಹುಡುಗ ನನ್ನ ಮೇಜಿನ ಮೇಲಿದ್ದ ಗಾಜಿನ ಪೇಪರ್‌ವೇಟನ್ನು ಬುಗುರಿಯಂತೆ ತಿರುಗಿಸುತ್ತ, ಅದರೊಳಗಿನ ಬಣ್ಣಗಳನ್ನೇ ನೋಡುತ್ತ ನಿಂತಿದ್ದ.

ಆಗ ಜಾರಿಯಲ್ಲಿದ್ದ 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ಅಂಗವಿಕಲತೆಗಳ ಪಟ್ಟಿಯಿತ್ತು. ಆಟಿಸಂ ಅದರಲ್ಲಿ ಇರಲಿಲ್ಲ. ‘ಇದು ಪಟ್ಟಿಯಲ್ಲಿ ಬರೋಲ್ಲಮ್ಮ. ಬುದ್ಧಿಮಾಂದ್ಯತೆ ಅಂತ ಬರೆಸಿಕೊಂಡು ಬನ್ನಿ, ನೋಡೋಣ’ ಎಂದೆ. ‘ನನ್ನ ಮಗ ದಡ್ಡ ಅಲ್ಲ ಸಾರ್. ಅವನಿಗೆ ಎಲ್ಲಾ ಗೊತ್ತಾಗುತ್ತೆ. ಹುಡುಗರು ಆಟಕ್ಕೆ ಸೇರಿಸ್ಕೊಳ್ಳಲ್ಲ, ಅದೇ ಕಷ್ಟ’ ಎಂದರು ಆ ತಾಯಿ. ಆಟದ ವಿಷಯ ಕಂದಾಯ ಇಲಾಖೆಯ ವ್ಯಾಪ್ತಿಗೆ ಬರುವಂಥದ್ದಲ್ಲವಲ್ಲ! ನಿಯಮಗಳಲ್ಲಿ ಅವಕಾಶವಿಲ್ಲ ಎಂದು ಹಿಂಬರಹ ಕೊಟ್ಟು ಅರ್ಜಿಯನ್ನು ವಿಲೇ ಮಾಡಿದೆ. ಅಂದಿನ ವಿಲೇವಾರಿ ಪಟ್ಟಿಯಲ್ಲಿ ಅದೂ ಒಂದು ಅಂಕಿಯಾಯಿತು.

ರಾಷ್ಟ್ರೀಯ ನ್ಯಾಸ ಕಾಯ್ದೆ ಎಂಬುದೊಂದು 1999ರಲ್ಲಿಯೇ ಬಂದಿತ್ತು. ಅದರ ಉದ್ದನೆಯ ಶೀರ್ಷಿಕೆಯಲ್ಲಿ ಮೊದಲು ಬರುವ ಹೆಸರೇ ಆಟಿಸಂ. ಅದರಡಿ ರಚನೆಯಾಗುವ ಸ್ಥಳೀಯ ಮಟ್ಟದ ಸಮಿತಿಗೆ ಜಿಲ್ಲಾಧಿಕಾರಿಯೇ ಮುಖ್ಯಸ್ಥರು. ಪ್ರಮಾಣಪತ್ರ ಅದರಿಂದ ಸಿಗುತ್ತಿರಲಿಲ್ಲ, ನಿಜ; ಆದರೆ ಆ ತಾಯಿಯನ್ನು ಯಾರ ಬಳಿಗಾದರೂ ಕಳುಹಿಸಬಹುದಾಗಿತ್ತು. ನಾನು ಆ ಕಾಯ್ದೆಯನ್ನು ಓದಿರಲಿಲ್ಲ. ಓದಿದ್ದು ಎಷ್ಟೋ ವರ್ಷಗಳ ನಂತರ, ನನ್ನ ಮಗಳ ಮಗನಿಗೆ ಮೂರು ವರ್ಷ ತುಂಬಿದಾಗ ವೈದ್ಯರು ಅದೇ ಪದವನ್ನು ನಮ್ಮ ಮುಂದಿಟ್ಟಾಗ.

ಅವನಿಗೆ ಈಗ ಒಂಬತ್ತು ವರ್ಷ. ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಹಾದುಹೋಗುವ ಬಸ್ಸುಗಳ ಮಾರ್ಗಸಂಖ್ಯೆಗಳೆಲ್ಲ ಅವನಿಗೆ ಕಂಠಪಾಠ. ಮಿಕ್ಸಿಯ ಸದ್ದು ಕೇಳಿದರೆ ಕಿವಿ ಮುಚ್ಚಿಕೊಂಡು ಓಡುತ್ತಾನೆ. ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಬದಲು ಪ್ರಶ್ನೆಯನ್ನೇ ಮರಳಿ ಹೇಳುವುದೂ ಉಂಟು. ಬಂಧುಗಳಲ್ಲಿ ಕೆಲವರು ಮೊಬೈಲನ್ನು ದೂರಿದರು, ಕೆಲವರು ನನ್ನ ಮಗಳ ಉದ್ಯೋಗವನ್ನು ದೂರಿದರು. ತಾಯಿಯ ವಾತ್ಸಲ್ಯದ ಕೊರತೆಯೇ ಆಟಿಸಂಗೆ ಕಾರಣ ಎಂಬ ವಾದ ಕಳೆದ ಶತಮಾನದ ಮಧ್ಯಭಾಗದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಪ್ರಬಲವಾಗಿತ್ತು. ವಿಜ್ಞಾನ ಅದನ್ನು ಎಂದೋ ತಳ್ಳಿಹಾಕಿದೆ. ಮದುವೆಮನೆಯ ಪಂಕ್ತಿಯಲ್ಲಿ ಮಾತ್ರ ಅದಿನ್ನೂ ಜೀವಂತವಾಗಿದೆ.

ಆಟಿಸಂ ಅಥವಾ ಸ್ವಲೀನತೆ ಅಂಟುರೋಗವಲ್ಲ, ಔಷಧದಿಂದ ವಾಸಿಯಾಗುವ ಕಾಯಿಲೆಯೂ ಅಲ್ಲ. ಮೆದುಳು ಬೆಳೆಯುವ ರೀತಿಯಲ್ಲಿಯೇ ಇರುವ ಭಿನ್ನತೆ ಅದು. ಅಮೆರಿಕದಲ್ಲಿದ್ದ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳನ್ನು ಕುರಿತು ಬರೆದ ಪ್ರಬಂಧದಿಂದ ಈ ಹೆಸರು ಪ್ರಚಾರಕ್ಕೆ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ಪ್ರತಿ 127 ಮಂದಿಯಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಆ ಲೆಕ್ಕದಲ್ಲಿ ಸಾವಿರ ಮಕ್ಕಳಿರುವ ಶಾಲೆಯಲ್ಲಿ ಏಳೆಂಟು ಮಂದಿಯಾದರೂ ಇರಬೇಕು. ಅಂಥ ಶಾಲೆಯ ಆಟದ ಮೈದಾನದಲ್ಲಿ ಒಮ್ಮೆ ನಿಂತು ನೋಡಿ. ಅವರು ಎಲ್ಲಿದ್ದಾರೆ?

ನನ್ನ ಮೊಮ್ಮಗನ ಮಟ್ಟಿಗೆ ಹೇಳುವುದಾದರೆ, ಅವನು ಮೈದಾನದಲ್ಲಿ ಇರುತ್ತಿರಲಿಲ್ಲ. ಅವನನ್ನು ಮೊದಲು ಸೇರಿಸಿದ ಶಾಲೆಯಲ್ಲಿ ಆಟದ ಪೀರಿಯಡ್ ಬಂದಾಗಲೆಲ್ಲ ಅವನನ್ನು ಪ್ರತ್ಯೇಕ ಕೋಣೆಗೆ ಕರೆದೊಯ್ದು ‘ಸಾಮಾಜಿಕ ಕೌಶಲ’ ಕಲಿಸುತ್ತಿದ್ದರು. ಗೋಡೆಗೆ ನಗುವ ಮುಖ, ಅಳುವ ಮುಖ, ಕೋಪದ ಮುಖಗಳ ಚಿತ್ರಗಳನ್ನು ಅಂಟಿಸಿದ್ದರು. ಗಣಿತದ ಪೀರಿಯಡ್ ತಪ್ಪಿದರೆ ಪಾಠ ಹಿಂದೆ ಬೀಳುತ್ತದೆ, ಆಟದ ಪೀರಿಯಡ್ ತಪ್ಪಿದರೆ ನಷ್ಟವೇನು ಎಂಬುದು ಅವರ ಲೆಕ್ಕಾಚಾರ. ಮೂವತ್ತು ಮಕ್ಕಳು ಹೊರಗೆ ಆಡುತ್ತಿರುವಾಗ ಒಂದು ಮಗುವನ್ನು ಒಳಗೆ ಕೂರಿಸಿ, ಇತರರೊಡನೆ ಬೆರೆಯುವುದು ಹೇಗೆಂದು ಚಿತ್ರ ತೋರಿಸಿ ಕಲಿಸುತ್ತಿದ್ದರು. ನಾನೂ ಆಗ ಅದನ್ನು ವಿಚಿತ್ರವೆಂದು ಭಾವಿಸಲಿಲ್ಲ. ಶುಲ್ಕ ಕಟ್ಟಿ ರಸೀದಿ ತಂದೆ.

ಎರಡು ವರ್ಷಗಳಿಂದ ಅವನು ಪ್ರತಿ ಶನಿವಾರ ಒಂದು ಆಟದ ಗುಂಪಿಗೆ ಹೋಗುತ್ತಿದ್ದಾನೆ. ತರಬೇತಿ ಪಡೆದ ಇಬ್ಬರು ಶಿಕ್ಷಕಿಯರು ನಡೆಸುವ ಪುಟ್ಟ ಗುಂಪು ಅದು. ಆರೋ ಏಳೋ ಮಕ್ಕಳು. ಅವರಲ್ಲಿ ನಾಲ್ವರಿಗೆ ಆಟಿಸಂ ಇದೆ, ಉಳಿದವರು ಅವರ ಅಣ್ಣತಮ್ಮಂದಿರು, ಅಕ್ಕಪಕ್ಕದ ಮನೆಯವರು. ಕರೆದೊಯ್ದು ಕರೆತರುವ ಹೊಣೆ ನನ್ನದು. ಮೊದಲೆರಡು ತಿಂಗಳು ಹೊರಗೆ ಬೆಂಚಿನ ಮೇಲೆ ಪತ್ರಿಕೆ ಓದುತ್ತ ಕುಳಿತಿರುತ್ತಿದ್ದೆ. ಒಂದು ದಿನ ಬೆಡ್‌ಶೀಟಿನ ನಾಲ್ಕನೆಯ ಮೂಲೆ ಹಿಡಿಯಲು ಜನ ಸಾಲದೆ ನನ್ನನ್ನು ಒಳಗೆ ಕರೆದರು.

ಆ ಬೆಡ್‌ಶೀಟಿನ ಆಟ ಬಲು ಸರಳ. ಎಲ್ಲರೂ ಬಟ್ಟೆಯ ಅಂಚು ಹಿಡಿದು ನಿಲ್ಲಬೇಕು. ಮಧ್ಯೆ ಒಂದು ಚೆಂಡು. ಅದು ಕೆಳಗೆ ಬೀಳದಂತೆ ಎಲ್ಲರೂ ಒಟ್ಟಿಗೆ ಎತ್ತಿ ಇಳಿಸಬೇಕು. ಒಬ್ಬ ಬೇಗ ಎತ್ತಿದರೂ ಚೆಂಡು ಉರುಳುತ್ತದೆ, ಒಬ್ಬ ತಡಮಾಡಿದರೂ ಉರುಳುತ್ತದೆ. ಮೊದಲು ನನ್ನಿಂದಲೇ ಅದು ನಾಲ್ಕು ಸಲ ಬಿತ್ತು. ಆಮೇಲೆ ಗಮನಿಸಿದೆ: ಯಾರೂ ಮೊಮ್ಮಗನಿಗೆ ‘ಮುಖ ನೋಡು, ಕಣ್ಣಲ್ಲಿ ಕಣ್ಣಿಟ್ಟು ನೋಡು’ ಎಂದು ಹೇಳುತ್ತಿರಲಿಲ್ಲ. ಅವನು ಚೆಂಡನ್ನು ನೋಡುತ್ತಿದ್ದ, ಬಟ್ಟೆಯನ್ನು ನೋಡುತ್ತಿದ್ದ. ಆಮೇಲೆ ಎದುರಿಗಿದ್ದ ಹುಡುಗಿಯ ಕೈಗಳನ್ನು ನೋಡತೊಡಗಿದ. ಅವಳು ಯಾವಾಗ ಎತ್ತುತ್ತಾಳೆಂದು ತಿಳಿಯುವ ಅಗತ್ಯ ಅವನಿಗಿತ್ತು. ಎಷ್ಟೋ ತಿಂಗಳು ಗೋಡೆಯ ಚಿತ್ರಗಳು ಮಾಡಲಾಗದ ಕೆಲಸವನ್ನು ಒಂದು ಹಳೆಯ ಬೆಡ್‌ಶೀಟು ಮಾಡಿತು.

ಇನ್ನೊಂದು ಆಟ ಪ್ಲಾಸ್ಟಿಕ್ ಇಟ್ಟಿಗೆಗಳದ್ದು. ಇದರ ಹಿಂದೆ ಸ್ವಾರಸ್ಯಕರವಾದ ಕಥೆಯಿದೆ. ಅಮೆರಿಕದ ಮನಃಶಾಸ್ತ್ರಜ್ಞ ಡೇನಿಯಲ್ ಲಿಗಾಫ್ ಅವರ ಬಳಿಗೆ ಬರುತ್ತಿದ್ದ ಇಬ್ಬರು ಬಾಲಕರು ಒಂದು ದಿನ ಕಾಯುವ ಕೋಣೆಯಲ್ಲಿ ಎದುರುಬದುರಾದರು. ಇಬ್ಬರೂ ಮನೆಯಿಂದ ಲೆಗೊ ಇಟ್ಟಿಗೆಗಳಲ್ಲಿ ಕಟ್ಟಿದ ಆಟಿಕೆಗಳನ್ನು ತಂದಿದ್ದರು. ಯಾರ ಒತ್ತಾಯವೂ ಇಲ್ಲದೆ ಪರಸ್ಪರ ಮಾತಿಗಿಳಿದರು. ಚಿಕಿತ್ಸೆಯ ಕೋಣೆಯಲ್ಲಿ ಆಗದ್ದು ಅದರ ಬಾಗಿಲಾಚೆ ಆಗಿತ್ತು. ಲಿಗಾಫ್ ಇದರಿಂದ ಒಂದು ಕ್ರಮವನ್ನೇ ರೂಪಿಸಿ 2004ರಲ್ಲಿ ಅದನ್ನು ಕುರಿತ ಪ್ರಬಂಧ ಪ್ರಕಟಿಸಿದರು. ಮೂರು ಮಕ್ಕಳು, ಮೂರು ಹುದ್ದೆಗಳು. ಎಂಜಿನಿಯರ್ ಬಳಿ ನಕ್ಷೆ ಇರುತ್ತದೆ, ಆದರೆ ಅವನು ಇಟ್ಟಿಗೆ ಮುಟ್ಟುವಂತಿಲ್ಲ. ಸಾಮಾನು ಒದಗಿಸುವವನ ಬಳಿ ಇಟ್ಟಿಗೆಗಳಿರುತ್ತವೆ, ನಕ್ಷೆ ಇರುವುದಿಲ್ಲ. ಕಟ್ಟುವವನ ಬಳಿ ಎರಡು ಕೈಗಳಷ್ಟೇ. ಸ್ವಲ್ಪ ಹೊತ್ತಾದ ಮೇಲೆ ಹುದ್ದೆಗಳು ಅದಲುಬದಲಾಗುತ್ತವೆ. (ನಮ್ಮ ಇಲಾಖೆಗಳಲ್ಲಿಯೂ ಈ ಪದ್ಧತಿ ಇದ್ದಿದ್ದರೆ ಎಷ್ಟೋ ಕಡತಗಳು ಬೇಗ ಚಲಿಸುತ್ತಿದ್ದವೇನೋ!)

ನಾನು ಓದಿದ್ದು ಅರ್ಥಶಾಸ್ತ್ರ. ಹೀಗಾಗಿ ಇದನ್ನು ನೋಡಿದಾಗ ಆ್ಯಡಂ ಸ್ಮಿತ್‌ನ ಗುಂಡುಸೂಜಿ ಕಾರ್ಖಾನೆ ನೆನಪಾಗದಿರಲು ಸಾಧ್ಯವಿರಲಿಲ್ಲ. ಕೆಲಸವನ್ನು ಹಂಚಿಕೊಂಡ ಹತ್ತು ಮಂದಿ ದಿನಕ್ಕೆ 48,000 ಗುಂಡುಸೂಜಿ ಮಾಡಬಲ್ಲರು, ಒಬ್ಬಂಟಿಗ ಇಪ್ಪತ್ತನ್ನೂ ಮಾಡಲಾರ ಎಂದು ಅವನು 1776ರಲ್ಲಿ ಬರೆದ. ಸ್ಮಿತ್‌ನ ಗಮನವಿದ್ದುದು ಉತ್ಪಾದನೆಯ ಮೇಲೆ. ಅವನ ನಂತರ ಬಂದ ಅರ್ಥಶಾಸ್ತ್ರಜ್ಞರು ಕೇಳುವುದು, ಹೇಳುವುದು, ಒಪ್ಪಿಸುವುದು ಇವೆಲ್ಲವನ್ನೂ ‘ವ್ಯವಹಾರ ವೆಚ್ಚ’ ಎಂದು ಕರೆದು, ಅದನ್ನು ತಗ್ಗಿಸುವುದು ಹೇಗೆಂದು ತಲೆಕೆಡಿಸಿಕೊಂಡರು. ಈ ಮಕ್ಕಳ ಕಾರ್ಖಾನೆಯಲ್ಲಿ ಲೆಕ್ಕ ತಲೆಕೆಳಗು. ಕಟ್ಟಿದ ಕಾರು ಆಟ ಮುಗಿದೊಡನೆ ಡಬ್ಬಕ್ಕೆ ಮರಳುತ್ತದೆ. ‘ನೀಲಿ ಇಟ್ಟಿಗೆ ಕೊಡು’, ‘ಅದಲ್ಲ, ಉದ್ದದ್ದು’, ‘ಇನ್ನೊಂದು ಸಲ ಹೇಳು’ ಎಂಬ ವೆಚ್ಚವೇ ಇಲ್ಲಿ ಲಾಭ.

ಮಾತನಾಡು ಎಂದು ಮಗುವಿಗೆ ಹೇಳುವುದು ಒಂದು. ಮಾತನಾಡದೆ ಆಟ ಮುಂದಕ್ಕೆ ಹೋಗದಂತೆ, ಆಡಿದ ಮಾತಿಗೆ ಒಡನೆಯೇ ಫಲ ಸಿಗುವಂತೆ ಆಟವನ್ನು ಹೆಣೆಯುವುದು ಮತ್ತೊಂದು. ಶನಿವಾರದ ಶಿಕ್ಷಕಿಯರು ಮಾಡುವುದು ಎರಡನೆಯದನ್ನು.

ಇದಕ್ಕೆ ವಿದೇಶದ ಇಟ್ಟಿಗೆಗಳೇ ಆಗಬೇಕೆಂದಿಲ್ಲ. ‘ಕೆರೆ–ದಡ’ ಆಡದೆ ಬೆಳೆದ ಕನ್ನಡದ ಮಕ್ಕಳು ನನ್ನ ತಲೆಮಾರಿನಲ್ಲಿ ವಿರಳ. ಇರುವುದು ಎರಡೇ ಪದ, ಒಂದು ಗೆರೆ. ಮುಂದೇನಾಗುತ್ತದೆಂಬ ಗೊಂದಲವಿಲ್ಲ, ಆದರೂ ಹೇಳುವವನ ಬಾಯಿಯ ಮೇಲೆ ಗಮನ ಇಟ್ಟಿರಲೇಬೇಕು. ಆಟಿಸಂ ಇರುವ ಬಹಳಷ್ಟು ಮಕ್ಕಳಿಗೆ ಹಿತವಾಗುವುದು ಇಂಥ ಖಚಿತ ನಿಯಮ. ಮಾತು ಬಾರದ ಮಗುವೂ ಇದನ್ನು ಆಡಬಹುದು. ‘ಕೆರೆ’ ಎನ್ನಲು ನೀಲಿ ಬಾವುಟ, ‘ದಡ’ ಎನ್ನಲು ಕೆಂಪು ಬಾವುಟ ಎತ್ತಿದರಾಯಿತು. ನಮ್ಮ ಗುಂಪಿನಲ್ಲಿ ಮಾತೇ ಆಡದ ಬಾಲಕಿಯೊಬ್ಬಳು ಬಾವುಟ ಹಿಡಿದು ಉಳಿದವರನ್ನೆಲ್ಲ ಕುಣಿಸುವುದನ್ನು ನೋಡಬೇಕು. ಅಧಿಕಾರ ಸಿಕ್ಕರೆ ಯಾರಿಗೆ ಖುಷಿಯಾಗುವುದಿಲ್ಲ?

ಚೌಕಾಬಾರವನ್ನು ಅಲ್ಲಿಗೆ ಒಯ್ದವನು ನಾನು. ಇಪ್ಪತ್ತೈದು ಮನೆ, ನಾಲ್ಕು ಕವಡೆ. ಸರದಿ ಕಾಯುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ತೋಚಲಿಲ್ಲ. ಎಲ್ಲವೂ ಸಲೀಸಾಗಿ ನಡೆಯಿತೆಂದು ಭಾವಿಸಬೇಡಿ. ಮೊದಲ ದಿನ ತನ್ನ ಕಾಯಿಯನ್ನು ಹೊಡೆದಾಗ ಮೊಮ್ಮಗ ಮಣೆಯನ್ನೇ ಎತ್ತಿ ಎಸೆದ. ಕವಡೆಗಳನ್ನು ಹುಡುಕಲು ಅರ್ಧ ಗಂಟೆ ಹಿಡಿಯಿತು, ಒಂದು ಇಂದಿಗೂ ಸಿಕ್ಕಿಲ್ಲ. ನನಗೆ ಸಿಟ್ಟು ಬಂದು ಗದರಿಸಿದೆ. ಶಿಕ್ಷಕಿ ಗದರಿಸಲಿಲ್ಲ. ಮುಂದಿನ ವಾರ ಅವರು ನಿಯಮ ಬದಲಿಸಿದರು: ಇಬ್ಬಿಬ್ಬರ ಜೋಡಿ, ಜೋಡಿಗೆ ಒಂದೇ ಬಣ್ಣದ ಕಾಯಿಗಳು, ನಡೆಸುವ ಮೊದಲು ಜೊತೆಗಾರನನ್ನು ಕೇಳಬೇಕು, ಹೊಡೆಯುವವರು ‘ಈಗ ಹೊಡೀತೀವಿ’ ಎಂದು ಮೊದಲೇ ಹೇಳಬೇಕು. ಬೇಡವೆನಿಸಿದವರು ಎದ್ದು ಮೂಲೆಯ ಚಾಪೆಗೆ ಹೋಗಬಹುದು, ಮನಸ್ಸಾದಾಗ ಬರಬಹುದು; ಯಾಕೆ ಹೋದೆ ಎಂದು ಯಾರೂ ಕೇಳುವುದಿಲ್ಲ. ಮೊಮ್ಮಗ ನಾಲ್ಕು ವಾರ ಚಾಪೆಯ ಮೇಲೆಯೇ ಹೆಚ್ಚು ಹೊತ್ತು ಕಳೆದ. ಐದನೆಯ ವಾರ, ಕವಡೆ ಬೀಳುತ್ತಿದ್ದಂತೆಯೇ ಕಾಯಿ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಅಲ್ಲಿಂದಲೇ ಕೂಗಿ ಹೇಳತೊಡಗಿದ. ಬೆರಳಿಟ್ಟು ಎಣಿಸುವ ಮಕ್ಕಳಿಗೆ ಇದು ಅಚ್ಚರಿ. ಆಮೇಲೆ ಪ್ರತಿ ಜೋಡಿಯೂ ಅವನನ್ನೇ ಕೇಳುವ ಪರಿಪಾಠ ಬೆಳೆಯಿತು.

ಎಲ್ಲ ಆಟವೂ ಈ ಕೆಲಸಕ್ಕೆ ಒದಗುವುದಿಲ್ಲ. ಲಗೋರಿ ನನಗೆ ಬಲು ಪ್ರಿಯವಾದ ಆಟ, ಆದರೆ ಅದರ ಕೂಗಾಟ, ಎಲ್ಲಿಂದಲೋ ಬೆನ್ನಿಗೆ ಬಂದು ಬೀಳುವ ಚೆಂಡು ಈ ಮಕ್ಕಳಲ್ಲಿ ಹಲವರಿಗೆ ಸಹಿಸಲಾಗದ ಹಿಂಸೆ. ಅದಕ್ಕಿಂತ ದೊಡ್ಡ ದೋಷ ನಮ್ಮ ಶಾಲೆಗಳ ಅಚ್ಚುಮೆಚ್ಚಿನ ಸಂಗೀತ ಕುರ್ಚಿಯಲ್ಲಿದೆ. ಅಲ್ಲಿ ಮೊದಲು ಔಟಾಗುವವನು ಯಾರು? ಸನ್ನೆಯನ್ನು ಗ್ರಹಿಸಲು ತಡಮಾಡುವವನು, ನೂಕುನುಗ್ಗಲಿಗೆ ಅಂಜುವವನು; ಅಂದರೆ ಅಭ್ಯಾಸದ ಅಗತ್ಯ ಅತಿ ಹೆಚ್ಚು ಇರುವವನು. ಔಟಾದ ಮೇಲೆ ಅವನು ಆಟ ಮುಗಿಯುವವರೆಗೆ ಗೋಡೆಗೊರಗಿ ನಿಲ್ಲುತ್ತಾನೆ. ಕೊನೆಯವರೆಗೂ ಆಡಿ ಬಹುಮಾನ ಪಡೆಯುವವನಿಗೆ ಆ ಅಭ್ಯಾಸದ ಅಗತ್ಯವೇ ಇರಲಿಲ್ಲ. ಸಬ್ಸಿಡಿಯ ಯೋಜನೆಗಳು ತಲುಪಬೇಕಾದವರನ್ನು ತಲುಪದೆ ಉಳ್ಳವರ ಪಾಲಾಗುವುದನ್ನು ಮೂರು ದಶಕ ನೋಡಿದ ನನಗೆ ಇದು ಹೊಸದೆನಿಸಲಿಲ್ಲ. ಅದೇ ಆಟದಲ್ಲಿ ಕುರ್ಚಿಗಳನ್ನು ಮಾತ್ರ ಕಡಿಮೆ ಮಾಡುತ್ತ, ಮಕ್ಕಳನ್ನು ಹೊರಹಾಕದೆ, ಉಳಿದ ಕುರ್ಚಿಗಳಲ್ಲಿ ಎಲ್ಲರೂ ಹೇಗಾದರೂ ಹೊಂದಿಕೊಂಡು ಕೂರಬೇಕೆಂದು ಮಾಡಿದರೆ ಆಟ ಬೇರೆಯೇ ಆಗುತ್ತದೆ. ಮೈ ತಾಕುವುದನ್ನು ಸಹಿಸದ ಮಗುವಿದ್ದರೆ ಕುರ್ಚಿಯ ಬದಲು ದೊಡ್ಡ ಜಮಖಾನೆ ಹಾಸಬೇಕು, ಅಷ್ಟೆ.

ಇಷ್ಟಾದರೂ ಇವುಗಳಿಂದ ನಿಜಕ್ಕೂ ಪ್ರಯೋಜನವಿದೆಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ. 2012ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ಪರಾಮರ್ಶೆಯೊಂದು ಸಾಮಾಜಿಕ ಕೌಶಲದ ಗುಂಪುಗಳನ್ನು ಕುರಿತ ಐದು ಪ್ರಯೋಗಗಳನ್ನು, ಒಟ್ಟು 196 ಮಂದಿಯನ್ನು, ಪರಿಶೀಲಿಸಿತು. ಬೆರೆಯುವ ಸಾಮರ್ಥ್ಯದಲ್ಲಿಯೂ ಗೆಳೆತನದ ಗುಣಮಟ್ಟದಲ್ಲಿಯೂ ಸ್ವಲ್ಪ ಸುಧಾರಣೆ ಕಂಡುಬಂತು. ಆದರೆ ಎಲ್ಲ ಪ್ರಯೋಗಗಳೂ ಅಮೆರಿಕದವು, ಸಂಖ್ಯೆಯೂ ಚಿಕ್ಕದು. ಪವಾಡದ ಭರವಸೆ ಕೊಡುವವರಿಂದ ದೂರವಿರಬೇಕೆಂಬುದಕ್ಕೆ ಇಷ್ಟು ಸಾಕು. ನನ್ನ ಮೊಮ್ಮಗ ಇಂದಿಗೂ ಮಿಕ್ಸಿಯ ಸದ್ದಿಗೆ ಓಡುತ್ತಾನೆ. ಓಡಲಿ. ನಾವು ಅವನು ಶಾಲೆಗೆ ಹೋದ ಮೇಲೆ ಚಟ್ನಿ ರುಬ್ಬುತ್ತೇವೆ.

ನನ್ನ ಮನಸ್ಸಿನಲ್ಲಿ ಹೆಚ್ಚು ನಿಂತದ್ದು ಅದೇ ವರ್ಷ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕಾನಿ ಕಸಾರಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ. ಸಾಮಾನ್ಯ ಶಾಲೆಗಳಲ್ಲಿ ಓದುತ್ತಿದ್ದ, ಆಟಿಸಂ ಇದ್ದ 60 ಮಕ್ಕಳು ಅದರಲ್ಲಿದ್ದರು. ಕೆಲವರಿಗೆ ನೇರವಾಗಿ ಬೆರೆಯುವ ಕೌಶಲಗಳನ್ನು ಕಲಿಸಲಾಯಿತು. ಇನ್ನು ಕೆಲವರ ವಿಷಯದಲ್ಲಿ ಆ ಮಗುವಿಗೆ ಏನನ್ನೂ ಕಲಿಸದೆ, ಅದರ ಮೂವರು ಸಹಪಾಠಿಗಳಿಗೆ, ಆಟದ ಮೈದಾನದಲ್ಲಿ ಒಂಟಿಯಾಗಿರುವವರನ್ನು ಸೇರಿಸಿಕೊಳ್ಳುವುದು ಹೇಗೆಂದು ಕಲಿಸಲಾಯಿತು. ತರಗತಿಯ ಸ್ನೇಹವಲಯದಲ್ಲಿ ಹೆಚ್ಚು ಸ್ಥಾನ ದೊರೆತದ್ದು, ಮೈದಾನದಲ್ಲಿ ಒಂಟಿತನ ಕಡಿಮೆಯಾದದ್ದು ಸಹಪಾಠಿಗಳು ಕಲಿತ ಕಡೆ.

ಅಂದರೆ ಕೊರತೆ ಇದ್ದುದು ಎಲ್ಲಿ? ತಾನೂ ಆಟಿಸಂ ಇರುವ ಬ್ರಿಟನ್ನಿನ ವಿದ್ವಾಂಸ ಡೇಮಿಯನ್ ಮಿಲ್ಟನ್ 2012ರಲ್ಲಿಯೇ ಈ ಪ್ರಶ್ನೆ ಎತ್ತಿದ್ದರು. ಅವರಿಗೆ ನಾವು ಅರ್ಥವಾಗುವುದಿಲ್ಲ ಎನ್ನುತ್ತೇವೆ. ನಮಗೆ ಅವರು ಅರ್ಥವಾಗುತ್ತಾರೆಯೇ? ಎಡಿನ್‌ಬರೋದಲ್ಲಿ ಕ್ಯಾಥರಿನ್ ಕ್ರಾಂಪ್ಟನ್ ಮತ್ತಿತರರು ಇದನ್ನು ನಮ್ಮ ಕಿವಿಮಾತಿನ ಆಟದಂಥದೇ ಪ್ರಯೋಗದಿಂದ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು. ಎಂಟೆಂಟು ಮಂದಿ ವಯಸ್ಕರ ಸರಪಳಿಯಲ್ಲಿ ಒಬ್ಬರಿಂದ ಒಬ್ಬರಿಗೆ ಕಥೆ ದಾಟಿಸಬೇಕು. ಎಲ್ಲರಿಗೂ ಆಟಿಸಂ ಇದ್ದ ಸರಪಳಿ, ಯಾರಿಗೂ ಇಲ್ಲದ ಸರಪಳಿಯಷ್ಟೇ ಚೆನ್ನಾಗಿ ದಾಟಿಸಿತು. ಸೋರಿಕೆ ಹೆಚ್ಚಾದದ್ದು ಇಬ್ಬರೂ ಬೆರೆತ ಸರಪಳಿಯಲ್ಲಿ. 2025ರಲ್ಲಿ ಪ್ರಕಟವಾದ ಇನ್ನೂ ದೊಡ್ಡ ಅಧ್ಯಯನದಲ್ಲಿ ಬೆರೆತ ಸರಪಳಿಯ ಆ ಸೋರಿಕೆ ಕಾಣಲಿಲ್ಲ. ಆದರೆ ಆಟಿಸಂ ಇದ್ದವರ ಸರಪಳಿ ಎರಡರಲ್ಲಿಯೂ ಯಾರಿಗೂ ಕಡಿಮೆಯಾಗಲಿಲ್ಲ. ಮಾತು ದಾಟಿಸಲು ಬಾರದವರೆಂದು ನಾವು ಹಿಂಬರಹ ಕೊಟ್ಟವರು ಅವರು.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಪಟ್ಟಿಯನ್ನು ಏಳರಿಂದ ಇಪ್ಪತ್ತೊಂದಕ್ಕೆ ಹಿಗ್ಗಿಸಿ ಆಟಿಸಂಗೆ ಜಾಗ ಕೊಟ್ಟಿತು. ಅದರ 16ನೆಯ ಪ್ರಕರಣವನ್ನು ಶಾಲೆಗಳ ಆಡಳಿತ ಮಂಡಳಿಗಳು ಒಮ್ಮೆ ಓದಬೇಕು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕೆಂದಷ್ಟೇ ಅಲ್ಲ, ಕ್ರೀಡೆ ಮತ್ತು ಮನರಂಜನೆಯಲ್ಲಿ ಇತರರಿಗೆ ಸಮಾನವಾದ ಅವಕಾಶ ನೀಡಬೇಕೆಂದೂ ಅದು ಹೇಳುತ್ತದೆ. ಆಟದ ಪೀರಿಯಡ್ ಶಾಲೆಯ ಔದಾರ್ಯವಲ್ಲ, ಮಗುವಿನ ಹಕ್ಕು. ಅದನ್ನು ಕಸಿದು ಆ ವೇಳೆಯಲ್ಲಿ ಚಿಕಿತ್ಸೆ ಕೊಡುವುದು ನನ್ನ ದೃಷ್ಟಿಯಲ್ಲಿ ಕಾಯ್ದೆಯ ಆಶಯಕ್ಕೆ ವಿರುದ್ಧ. ಹೆಚ್ಚು ಖರ್ಚಿನ ಮಾತೂ ಇದರಲ್ಲಿಲ್ಲ. ದೈಹಿಕ ಶಿಕ್ಷಣದ ಶಿಕ್ಷಕರಿಗೆ ಒಂದಿಷ್ಟು ತರಬೇತಿ, ವಾರಕ್ಕೊಂದೆರಡು ಪೀರಿಯಡ್ ಯಾರನ್ನೂ ಔಟ್ ಮಾಡದ ಆಟಗಳು, ಗದ್ದಲ ಸಹಿಸದವರಿಗೆ ಮರದಡಿ ಒಂದು ಚಾಪೆ. ಒಬ್ಬೊಬ್ಬರೇ ಪಡೆಯುವ ಚಿಕಿತ್ಸೆಯ ಶುಲ್ಕ ಮಧ್ಯಮವರ್ಗಕ್ಕೇ ಭಾರ. ಅಂದು ನನ್ನ ಮೇಜಿನ ಮುಂದೆ ನಿಂತಿದ್ದ ತಾಯಿಯಂಥವರಿಗೆ ಸರ್ಕಾರಿ ಶಾಲೆಯ ಮೈದಾನವಲ್ಲದೆ ಬೇರೆ ಏನಿದೆ?

ಬೆಂಗಳೂರಿಗೆ ಇದು ತೀರ ಅಪರಿಚಿತವೂ ಅಲ್ಲ. ವಿಶೇಷ ಅಗತ್ಯಗಳುಳ್ಳ ಮಕ್ಕಳ ತಂದೆತಾಯಂದಿರು ಕಟ್ಟಿದ ‘ಕಿಲಿಕಿಲಿ’ ಸಂಸ್ಥೆ ಎರಡು ದಶಕಗಳ ಹಿಂದೆಯೇ ಪಾಲಿಕೆಯ ಜೊತೆಗೂಡಿ ಕೋಲ್ಸ್ ಪಾರ್ಕಿನಲ್ಲಿ ಎಲ್ಲ ಮಕ್ಕಳೂ ಒಟ್ಟಿಗೆ ಆಡಬಹುದಾದ ಜಾಗವನ್ನು ರೂಪಿಸಿತು. ದೊಡ್ಡ ಉದ್ಯಾನಗಳಲ್ಲಿ ಆದದ್ದು ನಮ್ಮ ಅಪಾರ್ಟ್‌ಮೆಂಟುಗಳ ಅಂಗಳದಲ್ಲಿ ಆಗಿಲ್ಲ. ನಾವಿರುವ ಸಮುಚ್ಚಯದಲ್ಲಿಯೇ ಕಳೆದ ವರ್ಷ ಪದಾಧಿಕಾರಿಯೊಬ್ಬರು ಬಂದು, ‘ತಪ್ಪು ತಿಳೀಬೇಡಿ ಸಾರ್, ಸಂಜೆ ಮಕ್ಕಳು ಆಡೋ ಹೊತ್ತಲ್ಲಿ ಮೊಮ್ಮಗನ್ನ ಮೇಲೇ ಇರಿಸಿಕೊಂಡರೆ ಒಳ್ಳೇದು. ಚಿಕ್ಕ ಮಕ್ಕಳು ಹೆದರ್ತಾವೆ’ ಎಂದರು. ಅವರ ದನಿ ವಿನಯದಿಂದಲೇ ಇತ್ತು. ಇಪ್ಪತ್ತು ವರ್ಷಗಳ ಹಿಂದೆ ನನ್ನ ದನಿಯೂ ಹಾಗೆಯೇ ಇತ್ತು. ನಾನು ಜಗಳವಾಡಲಿಲ್ಲ. ಮಗಳು ಆ ರಾತ್ರಿ ಊಟ ಮಾಡಲಿಲ್ಲ.

ಕಳೆದ ತಿಂಗಳು ಸಂಘಕ್ಕೆ ಒಂದು ಅರ್ಜಿ ಕೊಟ್ಟಿದ್ದೇನೆ. ಪ್ರತಿ ಶನಿವಾರ ಸಂಜೆ ಐದರಿಂದ ಆರರವರೆಗೆ ಕ್ಲಬ್‌ಹೌಸಿನ ಮುಂದಿನ ಜಗಲಿ ಬೇಕು. ಬೆಡ್‌ಶೀಟು, ಚೆಂಡು, ಚೌಕಾಬಾರದ ಮಣೆ ನನ್ನವು. ಎಲ್ಲ ಮನೆಯ ಮಕ್ಕಳೂ ಬರಬಹುದು. ಮೂರನೆಯ ಮಹಡಿಯ ಒಬ್ಬಳು ಹುಡುಗಿ ಈಗಾಗಲೇ ನಮ್ಮ ಮನೆಗೆ ಬಂದು, ಲೆಕ್ಕ ಹೇಳುವ ಹುಡುಗ ತನ್ನ ಜೋಡಿಯಾಗುತ್ತಾನೆಯೇ ಎಂದು ಅವನನ್ನೇ ಕೇಳಿ ಹೋಗಿದ್ದಾಳೆ. ಅವನು ಉತ್ತರ ಕೊಡಲಿಲ್ಲ. ಅವಳು ಹೋದ ಮೇಲೆ ಡಬ್ಬ ತೆಗೆದು, ಕಳೆದುಹೋದ ಕವಡೆಯ ಬದಲಿಗೆ ಹಾಕಿದ್ದ ಹುಣಸೆಬೀಜವನ್ನು ಉಳಿದ ಮೂರರ ಪಕ್ಕ ಸಾಲಾಗಿ ಜೋಡಿಸಿಟ್ಟ. ಸಂಘದ ಸಭೆ ಮುಂದಿನ ಭಾನುವಾರ ಇದೆ. ಕಾರ್ಯಸೂಚಿಯಲ್ಲಿ ನನ್ನ ಅರ್ಜಿ ನಾಲ್ಕನೆಯದು. ನೀರಿನ ಟ್ಯಾಂಕರ್, ಲಿಫ್ಟಿನ ದುರಸ್ತಿ ಮತ್ತು ಸಂದರ್ಶಕರ ಪಾರ್ಕಿಂಗ್ ಆದ ನಂತರ.